ಸಾಹೇಬರ ದನಿಯಲ್ಲಿ ಕೊಟ್ಟ ಮಾತು

ಹೋದ ವಾರ ಸಾಹೇಬರ ಮನೆಯಿಂದ ಒಂದು ಗಂಟು ಬಂತು. ಹಳೆಯ ಟವೆಲ್ಲಿನಲ್ಲಿ ಸುತ್ತಿ, ಮೇಲೊಂದು ಸುತಳಿ ಬಿಗಿದಿದ್ದರು. ಸುತಳಿ ಬಿಚ್ಚಿದ್ದೇ ತಡ, ಬಟ್ಟೆಗೆ ಹುಳು ಹತ್ತದಂತೆ ಇಡುವ ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಟವೆಲ್ ಸರಿಸುವ ಮೊದಲೇ ಗೊತ್ತಾಯಿತು, ಅದು ಅವರ ಕರಿ ಕೋಟು. ಬೇರೆ ವಕೀಲರು ಬರುವ ಮೊದಲು ಅವರ ಬೂಟಿನ ಸಪ್ಪಳ ಬರುತ್ತಿತ್ತು. ನಮ್ಮ ಸಾಹೇಬರು ಬರುವ ಮೊದಲು ಡಾಂಬರ ಗುಳಿಗೆ ಬರುತ್ತಿತ್ತು. ಬೇಸಿಗೆ ರಜೆ ಮುಗಿದ ಮೊದಲ ದಿನ ಅವರು ವಾದಕ್ಕೆ ನಿಂತರೆ ಬೆಂಚ್ ಕ್ಲರ್ಕ್ ತಪ್ಪದೆ ಸೀನುತ್ತಿದ್ದ. ಆ ಸೀನು ನನಗೆ ಇವತ್ತಿಗೂ ಬರುತ್ತದೆ, ಬೇಕಾದರೆ ಮಾಡಿ ತೋರಿಸುತ್ತೇನೆ.

ಅಮ್ಮಾರು, ಅಂದರೆ ಸಾಹೇಬರ ಹೆಂಡತಿ, ಫೋನಿನಲ್ಲಿ ಹೇಳಿದ್ದು ಇಷ್ಟೇ. ಕೋಟು ಸುಮ್ಮನೆ ಕಪಾಟಿನಲ್ಲಿದೆ, ನಿನಗೂ ವಕೀಲಿಯ ಸನದು ಬಂದಿದೆಯಂತೆ, ಹೆಗಲು ಸ್ವಲ್ಪ ದೊಡ್ಡದಾದೀತು, ಟೇಲರ್ ಕಡೆ ಹಿಡಿಸಿಕೋ. ಬೇಡ ಎನ್ನಲು ಬಾಯಿ ತೆರೆದೆ. ಆದರೆ ಎರಡು ವರ್ಷ ಆ ಮನೆಯ ಹೊಸ್ತಿಲು ತುಳಿಯದವನು, ಸಾಹೇಬರು ತೀರಿಕೊಂಡ ದಿನ ಮಾತ್ರ ಅಂಗಳದ ತುದಿಯಲ್ಲಿ ನಿಂತು ಬಂದವನು, ಯಾವ ಮುಖದಿಂದ ಬೇಡ ಎನ್ನಲಿ...

ಊರಿನ ಹೆಸರು ಬರೆಯುವುದಿಲ್ಲ. ಕೊಪ್ಪಳದವರು ಓದಿದರೆ ಇದು ಗಂಗಾವತಿಯ ಕತೆ ಎನ್ನುತ್ತಾರೆ, ಗಂಗಾವತಿಯವರು ಕುಷ್ಟಗಿಯದು ಎನ್ನುತ್ತಾರೆ, ಕುಷ್ಟಗಿಯವರು ಯಲಬುರ್ಗಾದ ಕಡೆ ಬೆರಳು ತೋರಿಸುತ್ತಾರೆ. ಯಲಬುರ್ಗಾದವರು ಪಾಪ, ಯಾರ ಕಡೆ ತೋರಿಸಬೇಕೋ ತಿಳಿಯದೆ ಇನ್ನೊಂದು ಚಹಾ ಹೇಳುತ್ತಾರೆ. ಹಾಗೆಯೇ ಇರಲಿ.

ನಾನು ಅವರ ಆಫೀಸಿಗೆ ಸೇರಿದಾಗ ಕಾನೂನು ಓದಿನ ಕೊನೆಯ ವರ್ಷ. ನನ್ನ ವಿದ್ಯೆ ಎಂದರೆ ಒಂದೇ: ಕಂಡವರ ದನಿ ಕದಿಯುವುದು. ಜಡ್ಜ್ ಸಾಹೇಬರ ಕೆಮ್ಮು, ಬಾಗಿಲಲ್ಲಿ ನಿಂತು ಪಕ್ಷಗಾರರ ಹೆಸರು ಕೂಗುವವನ ರಾಗ, ಕುಷ್ಟಗಿ ಕ್ರಾಸಿನಲ್ಲಿ ಬಸ್ಸಿನ ಬಾಗಿಲು ಬಡಿಯುವ ಕಂಡಕ್ಟರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಇಲ್ಲದೆ ವಾಸವಾಗಿದ್ದರು. ಮುಂದೆಂದೋ ಮೊದಲ ಸಲ ಕೋರ್ಟಿನಲ್ಲಿ ನಿಂತು 'ಮಹಾಸ್ವಾಮಿ' ಎನ್ನುವಷ್ಟರಲ್ಲಿ ಮೂರು ಸಲ ತೊದಲುವ ನನ್ನನ್ನೂ ನಾನೇ ಅಣಕಿಸಿ ತೋರಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಆಮೇಲೆ ನಿಜವಾಗಿ ನಿಂತಾಗ ನಾಲ್ಕು ಸಲ ತೊದಲಿದೆ, ಆ ಮಾತು ಬೇರೆ.

ಸಾಹೇಬರ ದನಿ ಹಿಡಿಯಲು ಮಾತ್ರ ಎರಡು ತಿಂಗಳು ಬೇಕಾಯಿತು. ನೀರು ಕಡಿಮೆಯಾದ ಬೋರಿನ ಮೋಟಾರು ಶುರುವಾದ ಹಾಗೆ ಮೊದಲು ಗಂಟಲಿನ ಬುಡದಲ್ಲಿ ಎರಡು ಸಲ ಗರ್ ಎನ್ನಬೇಕು, ಒಂದು ಗಳಿಗೆ ಸುಮ್ಮನಿರಬೇಕು, ಆಮೇಲೆ ಮಾತು ಬರಬೇಕು. ಒಂದು ದಿನ ಅವರು ಬೆನ್ನ ಹಿಂದೆ ನಿಂತಿದ್ದು ಗೊತ್ತಾಗದೆ ಅವರ ದನಿಯಲ್ಲಿ ಝೆರಾಕ್ಸ್ ಅಂಗಡಿಯವನಿಗೆ ಬೈಯುತ್ತಿದ್ದೆ. ನನ್ನ ಕತೆ ಮುಗಿಯಿತು ಅಂದುಕೊಂಡೆ. ಅವರು ಪೂರ್ತಿ ಕೇಳಿಸಿಕೊಂಡು ತಮ್ಮ ಮೊಬೈಲು ನನ್ನ ಕೈಗೆ ಕೊಟ್ಟರು.

"ಕೋರ್ಟಿನ್ಯಾಗ ನಾ ಇದ್ದಾಗ ಫೋನ್ ಬಂದ್ರ ನೀನ ಮಾತಾಡು. ನನ್ನ ದನಿ ನನಗಿಂತ ನಿನಗ ಛಲೋ ಬರ್ತೈತಿ."

ಅಂದಿನಿಂದ ಪಕ್ಷಗಾರರಿಗೆ ಮುಂದಿನ ತಾರೀಖು ಹೇಳುವ ಸಾಹೇಬರು ನಾನೇ. ಯಾರಿಗೂ ಗುರುತು ಹತ್ತಲಿಲ್ಲ. ಒಂದು ಸಲ ಅಮ್ಮಾರಿಗೂ ಹತ್ತದೆ, ಬರುವಾಗ ಮೆಂತ್ಯೆ ಸೊಪ್ಪು ತರಲು ಹೇಳಿ ಇಟ್ಟುಬಿಟ್ಟರು. ಸೊಪ್ಪು ನಾನೇ ಒಯ್ದೆ.

ಸಾಹೇಬರಿಗೆ ಒಂದು ಹುಚ್ಚಿತ್ತು. ಅಮೆರಿಕದ ರಾಜ್ಯಗಳ ನ್ಯಾಯಾಲಯಗಳು ಮರಣದಂಡನೆಯ ಬಗ್ಗೆ ಕೊಟ್ಟ ತೀರ್ಪುಗಳನ್ನು ಇಂಟರ್ನೆಟ್ಟಿನಿಂದ ಇಳಿಸಿ, ಪ್ರಿಂಟ್ ಹಾಕಿಸಿ, ಕೆಂಪು ಪೆನ್ನಿನಿಂದ ಗೆರೆ ಎಳೆದು ಓದುವುದು. ಪಾಸ್‌ಪೋರ್ಟ್ ಇಲ್ಲದ ಮನುಷ್ಯ. ವಿಮಾನ ಕಂಡದ್ದು ಆಕಾಶದಲ್ಲಿ ಮಾತ್ರ. ಆದರೆ ಅಲಬಾಮಾದಲ್ಲಿ ಯಾವ ಕೈದಿಯ ಅರ್ಜಿ ಎಲ್ಲಿಗೆ ಬಂದು ನಿಂತಿದೆ ಎಂದು ಕೇಳಿದರೆ ನಮ್ಮೂರಿನ ಜಮೀನು ದಾವೆಯ ಹಾಗೆ ಹೇಳುತ್ತಿದ್ದರು.

ಕೋರ್ಟಿಗೆ ರಜೆ ಇರುವ ಶನಿವಾರ ಮಧ್ಯಾಹ್ನ ಆಫೀಸಿನಲ್ಲಿ ಜೂರಿ ಕೂರುತ್ತಿತ್ತು. ಅಮೆರಿಕದಲ್ಲಿ ಜಡ್ಜ್ ಒಬ್ಬರೇ ಶಿಕ್ಷೆ ಬರೆಯುವುದಿಲ್ಲವಂತೆ. ಊರಿನ ಹನ್ನೆರಡು ಸಾಮಾನ್ಯ ಮಂದಿ ಕೂತು ಸಾಯಿಸಬೇಕೋ ಬೇಡವೋ ಹೇಳಬೇಕಂತೆ. ನಮ್ಮಲ್ಲಿ ಇದ್ದದ್ದು ಏಳು ಕುರ್ಚಿ. ಎದುರಿನ ಝೆರಾಕ್ಸ್ ಅಂಗಡಿಯ ಸ್ಟೂಲು, ಬಾಂಡ್ ಬರೆಯುವವರ ಬೆಂಚು, ಎಲ್ಲ ಎಳೆದು ತಂದು ಹನ್ನೆರಡು ಮಾಡುತ್ತಿದ್ದೆವು. ಕೂರುವವರು ಝೆರಾಕ್ಸಿನವನು, ಸ್ಟಾಂಪ್ ಮಾರುವವರು, ರಜೆ ಎಂದು ತಿಳಿಯದೆ ಬಂದು ಬಸ್ಸಿಗೆ ಕಾಯುವ ಹಳ್ಳಿಯವರು. ಸಾಹೇಬರು ಅಲ್ಲಿಯ ಒಂದು ಪ್ರಕರಣ ಹೇಳುತ್ತಿದ್ದರು. ಸರ್ಕಾರಿ ವಕೀಲ, ಆರೋಪಿ, ಪ್ರಾಣಭಿಕ್ಷೆ ಕೊಡಬೇಕಾದ ಗವರ್ನರು ಎಲ್ಲರ ಪಾರ್ಟು ನನ್ನದು. ಟೆಕ್ಸಾಸಿನ ಗವರ್ನರು ನನ್ನ ಬಾಯಿಯಲ್ಲಿ ತಾವರಗೇರಾ ಸಂತೆಯ ಮೆಣಸಿನಕಾಯಿ ದಲಾಲನ ಹಾಗೆ ಮಾತಾಡುತ್ತಿದ್ದ.

ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು ಎಂದಾಗ ಝೆರಾಕ್ಸಿನವನಿಗೆ ತಲೆ ತಿರುಗಿತು.

"ಅಂದ್ರ ಯಲಬುರ್ಗಾದಾಗ ಕೊಂದ್ರ ಸಾಯ್ತೀವಿ, ಕುಕನೂರಾಗ ಕೊಂದ್ರ ಬದುಕ್ತೀವಿ ಅಂದಂಗಾತಲ್ರೀ?"

ಸಾಹೇಬರು ಆ ಮಾತಿಗೆ ಎಷ್ಟು ಖುಷಿಪಟ್ಟರೆಂದರೆ ಅವನಿಗೆ ಎರಡು ಪ್ಲೇಟು ಮಿರ್ಚಿ ತರಿಸಿದರು. ಪಶ್ಚಿಮದ ವಾಷಿಂಗ್ಟನ್ ಎಂಬ ರಾಜ್ಯದ ದೊಡ್ಡ ಕೋರ್ಟು ಇದೇ ಮಾತನ್ನು ಇಂಗ್ಲಿಷಿನಲ್ಲಿ ನೂರಾರು ಸಾಲು ಬರೆದಿದೆ ಎಂದರು. ಯಾವ ಜಿಲ್ಲೆಯಲ್ಲಿ ಸಿಕ್ಕಿಬಿದ್ದ, ಮೈ ಬಣ್ಣ ಯಾವುದು ಎಂಬುದರ ಮೇಲೆ ಗಲ್ಲು ಬೀಳುತ್ತಿದೆ, ಹಾಗಾದರೆ ಇಂಥ ಶಿಕ್ಷೆಯೇ ನಮ್ಮಲ್ಲಿ ನಡೆಯಕೂಡದು ಎಂದು ಆ ಕೋರ್ಟು ತೆಗೆದುಹಾಕಿತಂತೆ. ಇನ್ನೊಂದು ರಾಜ್ಯದಲ್ಲಿ ಕರೆಂಟಿನ ಕುರ್ಚಿಯೋ, ಬಂದೂಕೋ, ಸೂಜಿಯೋ ಎಂದು ಕೈದಿಯನ್ನೇ ಕೇಳುತ್ತಾರಂತೆ. ನಾನು ತಕ್ಷಣ ಖಾನಾವಳಿಯ ಸಪ್ಲಾಯರ್ ಆಗಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಏನು ಕೊಡ್ಲಿರಿ ಎಂದು ಆ ಪಟ್ಟಿಯನ್ನು ಒಂದೇ ಉಸಿರಿಗೆ ಒದರಿದೆ. ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ. ಅಲ್ಲಿಯ ವಕೀಲರು ಇದನ್ನೇ ನಗದೆ ವಾದಿಸಬೇಕಾಗುತ್ತದೆ ತಮ್ಮಾ, ಎಂದರು.

ಅವರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಒಂದು ನಿಯಮ. ಬಹಳ ರಾಜ್ಯಗಳಲ್ಲಿ ಮರಣದಂಡನೆಗೆ ಹನ್ನೆರಡಕ್ಕೆ ಹನ್ನೆರಡೂ ಮಂದಿ ಒಪ್ಪಬೇಕು. ಒಬ್ಬ ತಲೆ ಅಲ್ಲಾಡಿಸಿದರೆ ಆರೋಪಿ ಬದುಕಿದ. ಫ್ಲೋರಿಡಾದಲ್ಲಿ ಒಂದು ಘೋರ ಪ್ರಕರಣದಲ್ಲಿ ಮೂವರು ತಲೆ ಅಲ್ಲಾಡಿಸಿ ಆರೋಪಿ ಉಳಿದುಕೊಂಡ. ಆ ಸಿಟ್ಟಿಗೆ ಕಾನೂನನ್ನೇ ಬದಲಿಸಿ ಇನ್ನು ಮುಂದೆ ಎಂಟು ಮಂದಿ ಸಾಕು ಎಂದುಬಿಟ್ಟರು. ಆ ಸುದ್ದಿ ಓದಿದ ದಿನ ಸಾಹೇಬರು ಊಟ ಅರ್ಧಕ್ಕೆ ಬಿಟ್ಟೆದ್ದರು. ನಾನೂ ಡಬ್ಬಿ ಮುಚ್ಚಿದೆ. ಅವರ ಮಾತು ಕೇಳಿ ಕೇಳಿ ನನಗೂ ಫ್ಲೋರಿಡಾ ನಮ್ಮ ಓಣಿಯ ಸಮಸ್ಯೆಯಾಗಿತ್ತು.

"ಹನ್ನೊಂದು ಮಂದಿ ಕೈ ಎತ್ತಿದಾಗ ಹನ್ನೆರಡನೇದವಗ ಬಗಲಾಗ ಬೆವರು ಒಡೀತೈತಿ," ಎನ್ನುತ್ತಿದ್ದರು. "ಆ ಬೆವರ ನೋಡಪಾ, ಕಾನೂನು ಅಂದ್ರ."

ಗರ್, ಗರ್, ಒಂದು ಗಳಿಗೆ ಮೌನ, ಆಮೇಲೆ ಈ ಮಾತು. ನಾನು ಇದನ್ನು ನೂರಾರು ಸಲ ಹೇಳಿ ತೋರಿಸಿದ್ದೇನೆ. ನಗಿಸಲೆಂದು ಶುರು ಮಾಡಿದ್ದನ್ನು ಬರಬರುತ್ತ ನಂಬತೊಡಗಿದ್ದೆ.

ನಮ್ಮ ಹನ್ನೆರಡನೇ ಕುರ್ಚಿ ಕಾಯಂ ಒಬ್ಬರದೇ. ಕಿಟಕಿಯ ಪಕ್ಕದ್ದು. ಅವರು ಸಾಹೇಬರ ಮೂವತ್ತು ವರ್ಷದ ಗೆಳೆಯರು, ಅವರೂ ವಕೀಲರು, ಜಮೀನು ದಾವೆ ಬಿಟ್ಟರೆ ಬೇರೆ ಮುಟ್ಟಿದವರಲ್ಲ. ಊರ ಹೊರಗೆ ದಾಳಿಂಬೆ ತೋಟ ಮಾಡಿದ್ದರಿಂದ ನಾನು ಅವರಿಗೆ ದಾಳಿಂಬೆ ವಕೀಲರು ಎಂದೇ ಹೆಸರಿಟ್ಟಿದ್ದೆ, ಎದುರಿಗೇ ಕರೆಯುತ್ತಿದ್ದೆ. ಪ್ರತಿ ಶನಿವಾರ ಚೀಲದಲ್ಲಿ ಹಣ್ಣು ತಂದು, ಸುಲಿದು, ಎಲ್ಲರ ಅಂಗೈಗೂ ಕಾಳು ಹಾಕುತ್ತಿದ್ದರು. ಪ್ರಕರಣ ಎಷ್ಟೇ ಕೆಟ್ಟದ್ದಿರಲಿ, ಹನ್ನೊಂದು ಕೈ ಮೇಲೇರಿದ ಮೇಲೆ ಅವರು ಕಾಳು ಅಗಿಯುತ್ತಲೇ ಎರಡು ಮಾತು ಹೇಳುತ್ತಿದ್ದರು. "ನಾ ಒಲ್ಲೆ." ಕಾರಣ ಕೇಳಿದರೆ ಕಾರಣ ಏನಿಲ್ಲ, ಆಮೇಲೆ ಊಟ ಸೇರುವುದಿಲ್ಲ ಎನ್ನುತ್ತಿದ್ದರು. ಸಾಹೇಬರು ಓದಿದ ಅಷ್ಟೂ ತೀರ್ಪುಗಳು ಆ ಎರಡು ಮಾತಿನ ಮುಂದೆ ಸುಮ್ಮನಾಗುತ್ತಿದ್ದವು. ಸಾಹೇಬರು ಮೇಜು ಬಡಿದು ನಗುತ್ತಿದ್ದರು. ಬದುಕಿದಾ ಮಗಾ, ಎನ್ನುತ್ತಿದ್ದರು. ಏಳು ಸಮುದ್ರದಾಚೆ ಯಾವನೋ ಒಬ್ಬ ನಮ್ಮ ಕಿಟಕಿಯ ಪಕ್ಕದ ಕುರ್ಚಿಯಿಂದಾಗಿ ಬದುಕಿಬಿಡುತ್ತಿದ್ದ.

ಆ ದಾಳಿಂಬೆ ವಕೀಲರನ್ನು ಅವರ ತೋಟದಲ್ಲೇ ಯಾರೋ ಕೊಂದರು.

ಸೋಮವಾರ ಬೆಳಿಗ್ಗೆ ಸುದ್ದಿ ಬಂತು. ಬುಧವಾರ ಪೊಲೀಸರು ತೋಟದ ಕಾವಲಿನವನನ್ನು ಹಿಡಿದರು. ಲೆಕ್ಕ ಚುಕ್ತಾ ಮಾಡದೆ ಕೆಲಸದಿಂದ ಬಿಡಿಸಿದರು ಎಂಬ ಸಿಟ್ಟಿಗೆ ಗುದ್ದಲಿಯಿಂದ ಹೊಡೆದ ಎಂದು ಪೊಲೀಸರು ಹೇಳಿದರು. ಹೊಡೆದನೋ ಇಲ್ಲವೋ, ನಾನು ಆಗಲೂ ನೋಡಿರಲಿಲ್ಲ, ಈಗಲೂ ಹೇಳಲಾರೆ. ನನಗೆ ಗೊತ್ತಿದ್ದದ್ದು, ಮೂರು ದಿನ ನಾನು ಯಾರ ದನಿಯನ್ನೂ ಮಾಡಲಿಲ್ಲ. ಸಾಹೇಬರು ಕಿಟಕಿ ಪಕ್ಕದ ಕುರ್ಚಿಯ ಮೇಲೆ ಯಾರನ್ನೂ ಕೂರಗೊಡಲಿಲ್ಲ. ಅದರ ಮೇಲೆ ಒಂದು ದಾಳಿಂಬೆ ಸಿಪ್ಪೆ ಒಣಗಿ ಬಿದ್ದಿತ್ತು, ಅದನ್ನೂ ತೆಗೆಯಗೊಡಲಿಲ್ಲ.

ಗುರುವಾರ ಸಾಹೇಬರು ಕೋರ್ಟಿನ ಒಳಗಿದ್ದಾಗ ಅವರ ಮೊಬೈಲಿಗೆ ಒಂದು ಕರೆ ಬಂತು. ಹೆಣ್ಣು ದನಿ. ಹಿಂದೆ ಪಟ ಪಟ ರೊಟ್ಟಿ ಬಡಿಯುವ ಸಪ್ಪಳ. ಕಾವಲಿನವನ ಅಕ್ಕ ಅವಳು, ತಾವರಗೇರಾದ ಒಂದು ಖಾನಾವಳಿಯಲ್ಲಿ ರೊಟ್ಟಿ ಮಾಡುವವಳು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಕೈ ನಿಲ್ಲಿಸದೆ ಮಾತಾಡುತ್ತಿದ್ದಳು. ನಾಲ್ಕಾರು ವಕೀಲರ ಬಾಗಿಲಿಗೆ ಹೋಗಿ ಬಂದಿದ್ದಳು. ಒಬ್ಬರು ನೀರು ಕೊಟ್ಟು ಕಳಿಸಿದ್ದರು, ಇನ್ನೊಬ್ಬರು ನೀರೂ ಕೊಟ್ಟಿರಲಿಲ್ಲ. ನೀವಾದರೂ ಅವನ ಪರವಾಗಿ ನಿಲ್ಲುತ್ತೀರಾ, ಅವನನ್ನು ಗಲ್ಲಿಗೆ ಹಾಕುತ್ತಾರಂತೆ, ಎಂದಳು.

ಸಾಹೇಬರು ಬಂದ ಮೇಲೆ ಫೋನ್ ಮಾಡಿಸುತ್ತೇನೆ ಎನ್ನಬಹುದಿತ್ತು. ನನ್ನ ಸ್ವಂತ ದನಿಯಲ್ಲಿ. ಆದರೆ ನನಗೆ ಸಂಶಯವೇ ಇರಲಿಲ್ಲ. ಎಷ್ಟೋ ಶನಿವಾರಗಳ ಪಾಠ ಇದೇ ಒಂದು ದಿನಕ್ಕಾಗಿ ಅಲ್ಲವೇ? ಗೆಳೆಯನನ್ನೇ ಕೊಂದ ಆರೋಪ ಹೊತ್ತವನ ಪರವಾಗಿ ನಮ್ಮ ಸಾಹೇಬರು ಎದ್ದು ನಿಲ್ಲುವ ದೃಶ್ಯ ನನ್ನ ಕಣ್ಣ ಮುಂದೆ ಬಂತು. ಆ ದೃಶ್ಯದ ಮಗ್ಗುಲಲ್ಲಿ ಫೈಲು ಹಿಡಿದು ನಿಂತ ನಾನೂ ಬಂದೆ ಎನ್ನಿ. ಗಂಟಲಿನ ಬುಡದಲ್ಲಿ ಎರಡು ಸಲ ಗರ್ ಎಂದೆ. ಒಂದು ಗಳಿಗೆ ಸುಮ್ಮನಾದೆ.

"ಹೆದರಬ್ಯಾಡ ತಂಗೀ. ನಾ ಅದೀನಿ. ವಕಾಲತ್ತು ನಾನ ಹಾಕ್ತೀನಿ."

ರೊಟ್ಟಿಯ ಸಪ್ಪಳ ನಿಂತಿತು. ಆಮೇಲೆ ಅವಳು ಅತ್ತಳೋ ಏನೋ... ತವೆಯ ಮೇಲಿನ ರೊಟ್ಟಿ ಹೊತ್ತಿತೆಂದು ಹಿಂದಿನಿಂದ ಯಾರೋ ಬೈದದ್ದು ಕೇಳಿಸಿತು.

ಮಧ್ಯಾಹ್ನ ಸಾಹೇಬರಿಗೆ ಹೇಳಿದೆ. ಪೂರ್ತಿ ಹೇಳಲಿಲ್ಲ. ಆರೋಪಿಯ ಅಕ್ಕ ಫೋನ್ ಮಾಡಿದ್ದಳು, ವಕಾಲತ್ತಿಗೆ ಕೇಳುತ್ತಾಳೆ ಎಂದಷ್ಟೇ ಹೇಳಿದೆ. ಅವರು ಬಹಳ ಹೊತ್ತು ಕಿಟಕಿ ಪಕ್ಕದ ಕುರ್ಚಿ ನೋಡಿದರು. ಆಮೇಲೆ ವಕಾಲತ್ತಿನ ಫಾರ್ಮ್ ಒಯ್ದು ಅವನ ಸಹಿ ಮಾಡಿಸಿಕೊಂಡು ಬಾ ಎಂದರು. ಅವರೇ ಹೇಳಿದರು. ಇದನ್ನು ಎರಡು ಸಲ ಬರೆಯಬೇಕೆನಿಸುತ್ತದೆ, ಯಾಕೆಂದರೆ ಆಮೇಲೆ ಎಷ್ಟೋ ದಿನ ನಾನೇ ಕನಸು ಕಂಡೆನೇನೋ ಎಂದು ಅನುಮಾನಪಟ್ಟಿದ್ದೇನೆ. ಜೈಲಿಗೆ ಹೋದೆ. ಕಾವಲಿನವನಿಗೆ ಸಹಿ ಬರುತ್ತಿರಲಿಲ್ಲ. ಎಡಗೈ ಹೆಬ್ಬೆಟ್ಟನ್ನು ನೀಲಿ ಮಸಿಗೆ ಒತ್ತಿ ಫಾರ್ಮಿನ ಮೇಲೆ ಇಟ್ಟ, ಜೈಲಿನವರು ಪಕ್ಕದಲ್ಲಿ ಸಹಿ ಮಾಡಿದರು. ಅವನು ಒಂದೇ ಮಾತು ಕೇಳಿದ: ನಮ್ಮಕ್ಕ ಉಂಡಾಳೇನ್ರಿ? ನನಗೆ ಗೊತ್ತಿರಲಿಲ್ಲ. ಉಂಡಾಳೆ ಎಂದೆ. ಆ ದಿನ ನಾನು ಹೇಳಿದ ಎರಡನೇ ಸುಳ್ಳು ಅದು. ಮೊದಲನೆಯದು ಸುಳ್ಳು ಎಂಬುದು ಇನ್ನೂ ತಿಳಿದಿರಲಿಲ್ಲ.

ಸಾಹೇಬರು ಫಾರ್ಮ್ ತೆಗೆದುಕೊಂಡು ಆ ನೀಲಿ ಹೆಬ್ಬೆಟ್ಟನ್ನು ನೋಡಿದರು, ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡರು.

ಮರುದಿನ ವಕೀಲರ ಸಂಘದ ಸಭೆ. ಗೋಡೆಗೆ ದಾಳಿಂಬೆ ವಕೀಲರ ಫೋಟೋ, ಅದಕ್ಕೆ ಹಾರ. ನನಗೆ ಸನದು ಇಲ್ಲದ್ದರಿಂದ ಒಳಗೆ ಜಾಗ ಇರಲಿಲ್ಲ, ಕಿಟಕಿಯ ಹೊರಗೆ ನಿಂತಿದ್ದೆ. ಅಧ್ಯಕ್ಷರು ಠರಾವು ಓದಿದರು: ನಮ್ಮವರನ್ನೇ ಕೊಂದ ಈ ಆರೋಪಿಯ ಪರವಾಗಿ ಸಂಘದ ಯಾವ ಸದಸ್ಯರೂ ವಕಾಲತ್ತು ಹಾಕಕೂಡದು. ಇಂಥ ಠರಾವುಗಳು ಕಾನೂನಿನ ಮುಂದೆ ನಿಲ್ಲುವುದಿಲ್ಲ, ಪ್ರತಿ ಆರೋಪಿಗೂ ವಕೀಲ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ನನಗೆ ಓದಿಸಿದ್ದು ಸಾಹೇಬರೇ. ಸಭೆಯಲ್ಲಿದ್ದ ಅರ್ಧ ಮಂದಿಗೂ ಗೊತ್ತಿತ್ತು. ಒಪ್ಪುವವರು ಕೈ ಎತ್ತಿ ಎಂದರು ಅಧ್ಯಕ್ಷರು.

ಕೈಗಳು ಎದ್ದವು. ಮುಂದಿನ ಸಾಲು, ನಡುವಿನ ಸಾಲು, ಹಿಂದಿನ ಸಾಲು. ನಾನು ಎಣಿಸಲಿಲ್ಲ, ಎಣಿಸುವುದು ಬೇಕಿರಲಿಲ್ಲ. ಎತ್ತದ ಕೈ ಒಂದೇ ಇತ್ತು. ಹಿಂದಿನ ಮೂಲೆಯಲ್ಲಿ ನಮ್ಮ ಸಾಹೇಬರದು. ಎಲ್ಲರ ಕುತ್ತಿಗೆಯೂ ಆ ಕಡೆ ತಿರುಗಿತು. ನನಗೆ ನಿಜವಾಗಿ ಖುಷಿಯಾಯಿತು, ನಾಚಿಕೆ ಬಿಟ್ಟು ಹೇಳುತ್ತೇನೆ. ಈಗ ಗರ್ ಎನ್ನುತ್ತಾರೆ, ಈಗ 'ನಾ ಒಲ್ಲೆ' ಎನ್ನುತ್ತಾರೆ, ಫೋಟೋದೊಳಗಿನವರು ಕಾಳು ಅಗಿಯುತ್ತ ನಗುತ್ತಾರೆ ಅಂದುಕೊಂಡೆ.

ಸಾಹೇಬರು ಫೋಟೋ ನೋಡಿದರು. ಬಲಗೈ ನಿಧಾನಕ್ಕೆ ಮೇಲೆದ್ದಿತು. ಕರಿ ಕೋಟಿನ ಬಗಲಿನಲ್ಲಿ ಅಂಗೈಯಗಲ ಒದ್ದೆಯಾಗಿತ್ತು.

ಸರ್ವಾನುಮತ ಎಂದು ಬರೆದುಕೊಂಡರು.

ಆಗ ಇನ್ನೊಂದು ಸಾಧ್ಯವಿತ್ತು. ಕಿಟಕಿಯ ಹೊರಗಿನಿಂದ ನಾನು, ದಾಳಿಂಬೆ ವಕೀಲರ ದನಿಯಲ್ಲಿ, ಆ ಎರಡು ಮಾತು ಹೇಳಬಹುದಿತ್ತು. ಅಷ್ಟು ಚೆನ್ನಾಗಿ ಬರುತ್ತಿತ್ತು ನನಗೆ. ಇಡೀ ಸಭೆ ಬೆಚ್ಚಿಬೀಳುತ್ತಿತ್ತು. ಬಾಯಿ ತೆರೆದೆ ಕೂಡ... ಊರವರನ್ನೆಲ್ಲ ಅಣಕಿಸಿದ ಶೂರ ಸದ್ದಿಲ್ಲದೆ ಬಾಯಿ ಮುಚ್ಚಿಕೊಂಡ. ಇದನ್ನು ಮಾತ್ರ ನಾನು ಎಲ್ಲೂ ನಟಿಸಿ ತೋರಿಸಿಲ್ಲ.

ಸಭೆ ಮುಗಿಸಿ ಎಲ್ಲರೂ ಆರೋಪಿಗೆ ಗಲ್ಲು ಆಗಬೇಕೆಂದು ಕೂಗುತ್ತ ಮನವಿ ಕೊಡಲು ಹೊರಟರು. ಸಾಹೇಬರು ಎರಡನೇ ಸಾಲಿನಲ್ಲಿದ್ದರು, ಕೂಗುತ್ತಿರಲಿಲ್ಲ; ನಾನು ಅವರ ಮಗ್ಗುಲಿಗೆ ಹೋಗಿ ಸೇರಿಕೊಂಡೆ. ಮೆಟ್ಟಿಲ ಹತ್ತಿರ ಕಾವಲಿನವನ ಅಕ್ಕ ನಿಂತಿದ್ದಳು. ಉಗುರಿನ ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟು. ಯಾರೋ ತೋರಿಸಿರಬೇಕು, ನೇರ ಬಂದು ಸಾಹೇಬರ ಮುಂದೆ ನಿಂತಳು.

"ಸಾಹೇಬ್ರ, ನಿನ್ನೆ ಫೋನಿನ್ಯಾಗ ನೀವ ಅಂದ್ರೆಲ್ರೀ, ಹೆದರಬ್ಯಾಡ, ನಾ ಅದೀನಿ ಅಂತ?"

ಸಾಹೇಬರು ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಅವರ ಜೂನಿಯರ್ ಏನು ಮಾಡಿದ್ದಾನೆಂದು ಅವರಿಗೆ ತಿಳಿಯಲು ಒಂದು ರೆಪ್ಪೆ ಹೊಡೆಯುವಷ್ಟು ಹೊತ್ತು ಸಾಕಾಯಿತು. ನಾನಲ್ಲ, ಈ ಮಂಗ್ಯಾನ ಕೆಲಸ ಅದು ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಅದನ್ನೇ ಕಾಯುತ್ತಿದ್ದೆ. ಎರಡು ಸಲ ಗರ್ ಎಂದರು.

"ಹೌದು ತಂಗೀ, ಅಂದಿದ್ದೆ. ನನ್ನ ಕೈಲೆ ಆಗಲಿಲ್ಲ."

ಅವಳು ಬೈದಳು. ನಮ್ಮ ಕಡೆಯ ಹೆಂಗಸರು ಮನಸ್ಸಿಟ್ಟು ಬೈದರೆ ಹೇಗಿರುತ್ತದೆ ಎಂದು ಬಲ್ಲವರು ಬಲ್ಲರು. ಅವರು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡರು. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಒಂದೊಂದು ಬೈಗುಳದಲ್ಲೂ ಅರ್ಧ ನನ್ನದು. ನಾನು ಒಂದನ್ನೂ ತೆಗೆದುಕೊಳ್ಳಲಿಲ್ಲ.

ಶನಿವಾರ ಆಫೀಸಿಗೆ ಹೋದೆ. ಜೂರಿ ಇರಲಿಲ್ಲ. ಸಾಹೇಬರು ಒಬ್ಬರೇ ಇದ್ದರು. ನಾನು ಅವರ ಎದುರು ನಿಂತು, ಅವರದೇ ದನಿಯಲ್ಲಿ, ಹನ್ನೊಂದು ಮಂದಿ ಕೈ ಎತ್ತಿದಾಗ ಎಂದು ಶುರು ಮಾಡಿ ಬಗಲಿನ ಬೆವರಿನ ತನಕ ಪೂರ್ತಿ ಹೇಳಿದೆ. ನಗಿಸಲು ಅಲ್ಲ. ಅವರು ಕಣ್ಣು ಮುಚ್ಚಿ ಕೇಳಿದರು.

"ಛಲೋ ಬಂತು," ಎಂದರು. "ಆದ್ರ ನನ್ನ ದನಿ ಅಷ್ಟು ಗಟ್ಟಿ ಇಲ್ಲ ತಮ್ಮಾ." ಕಿಟಕಿಯ ಕಡೆ ಕೈ ಮಾಡಿದರು. "ಅವನ ಖುರ್ಚಿ ಖಾಲಿ ಐತಿ. ಅದನ್ನ ನೋಡಿಕೋತ ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ."

ಅದೇ ಕುರ್ಚಿಯಿಂದ ತಾನೇ ಪ್ರತಿ ಶನಿವಾರ ಒಲ್ಲೆ ಬರುತ್ತಿದ್ದದ್ದು, ಎಂದು ಕೇಳಬೇಕಿತ್ತು. ಮೊಬೈಲನ್ನು ಮೇಜಿನ ಮೇಲಿಟ್ಟು ಹೊರಬಂದೆ. ಫ್ಲೋರಿಡಾದವರು ಒಂದು ಪ್ರಕರಣದ ಸಿಟ್ಟಿಗೆ ಕಾನೂನು ಬದಲಿಸಿದರೆಂದು ಊಟ ಬಿಟ್ಟ ಮನುಷ್ಯನ ಆಫೀಸಿನಲ್ಲಿ ನನಗೆ ಇನ್ನೇನು ಕಲಿಯುವುದಿತ್ತು. ಆಮೇಲೆ ಬೇರೆ ಆಫೀಸು ಸೇರಿದೆ. ಕೋರ್ಟಿನ ವರಾಂಡದಲ್ಲಿ ಡಾಂಬರ ಗುಳಿಗೆಯ ವಾಸನೆ ಬಂದರೆ ಗೋಡೆಯ ಮೇಲಿನ ನೋಟೀಸು ಓದುವವನ ಹಾಗೆ ಮುಖ ತಿರುಗಿಸುತ್ತಿದ್ದೆ. ಅದೇ ನೋಟೀಸನ್ನು ಎಷ್ಟು ಸಲ ಓದಿದೆನೋ.

ಕಾವಲಿನವನಿಗೆ ಸರ್ಕಾರದ ಕಡೆಯಿಂದ ಬೇರೆ ಊರಿನ ಒಬ್ಬ ಹೊಸ ವಕೀಲರನ್ನು ನೇಮಿಸಿದರು. ಶಿಕ್ಷೆಯ ಮೇಲೆ ಹೇಳುವುದೇನಿದೆ ಎಂದು ಕೇಳಿದ ದಿನ ಆ ವಕೀಲರು ಆರೋಪಿ ಬಡವ, ಮನೆಯಲ್ಲಿ ಅಕ್ಕ ಇದ್ದಾಳೆ, ಇಷ್ಟೇ ಹೇಳಿ ಕೂತರು. ಗಲ್ಲಾಯಿತು. ಹೈಕೋರ್ಟಿನಲ್ಲಿ ಅದು ಜೀವಾವಧಿಗೆ ಇಳಿಯಿತು. ಈ ಎರಡರ ನಡುವೆ ಒಂದು ವರ್ಷದ ಮೇಲೆ ಕೆಲವು ತಿಂಗಳು ಅವಳು ಹೇಗೆ ಕಳೆದಳೋ... ಹೈಕೋರ್ಟಿನ ತೀರ್ಪು ಬರುವ ಮೊದಲೇ, ಹೋದ ಚಳಿಗಾಲದಲ್ಲಿ, ಸಾಹೇಬರು ಹೋಗಿಬಿಟ್ಟರು. ಕೂತಲ್ಲೇ ಎದೆ ಹಿಡಿದುಕೊಂಡರಂತೆ.

ಇವೆಲ್ಲ ಕೋಟು ಬಿಚ್ಚಿದಾಗ ನೆನಪಾದವು. ಬಗಲಿನಲ್ಲಿ ಉಪ್ಪಿನ ಬಿಳಿ ಗೆರೆ ಹಾಗೇ ಉಳಿದಿತ್ತು, ಅಮ್ಮಾರ ಬ್ರಷ್ಷಿಗೂ ಹೋಗಿರಲಿಲ್ಲ. ಟೇಲರಿಗೆ ಕೊಡುವ ಮೊದಲು ಜೇಬು ತಡಕಿದೆ. ಒಳಜೇಬಿನಲ್ಲಿ ನಾಲ್ಕು ಮಡಿಕೆಯ ಕಾಗದ. ನೀಲಿ ಹೆಬ್ಬೆಟ್ಟು ಸ್ವಲ್ಪ ಮಸುಕಾಗಿದೆ. ಕೆಳಗೆ, ವಕೀಲರು ಒಪ್ಪಿಕೊಂಡು ಸಹಿ ಮಾಡುವ ಜಾಗದಲ್ಲಿ, ಸಾಹೇಬರ ಸಹಿ ಇತ್ತು. ದಿನಾಂಕ ಹಾಕಿರ‍ಲಿಲ್ಲ.

ಸಭೆಗೆ ಮೊದಲು ಮಾಡಿದ್ದೋ, ಆಮೇಲೆ ಮಾಡಿದ್ದೋ? ಮೊದಲಾದರೆ, ಸಹಿ ಮಾಡಿದ ಕೈಯನ್ನೇ ಎತ್ತಿದರು. ಆಮೇಲಾದರೆ, ಸಾಯುವ ತನಕ ಎದೆಯ ಮೇಲೆ ಇಟ್ಟುಕೊಂಡು ತಿರುಗಿಯೂ, ಮೂವತ್ತು ಹೆಜ್ಜೆ ದೂರದ ಕೋರ್ಟ್ ಕಚೇರಿಗೆ ಅದನ್ನು ಒಯ್ಯಲಿಲ್ಲ. ಯಾವುದು ಕಡಿಮೆ ಮೋಸ ಎಂದು ನಾನು ಇನ್ನೂ ತೀರ್ಮಾನಿಸಿಲ್ಲ.

ವಕಾಲತ್ತಿನ ಕೆಲಸಕ್ಕೆಂದು ಆವತ್ತೇ ಬರೆದಿಟ್ಟುಕೊಂಡಿದ್ದ ಅವಳ ನಂಬರು ನನ್ನ ಫೋನಿನಲ್ಲಿ 'ರೊಟ್ಟಿ ಅಕ್ಕ' ಎಂದು ಉಳಿದಿತ್ತು. ಹಚ್ಚಿದೆ. ಹಿಂದೆ ಅದೇ ಪಟ ಪಟ. ಸಾಹೇಬರ ಆಫೀಸಿನಲ್ಲಿದ್ದವನು ಎಂದು ಹೇಳಿದೆ. ಸಾಹೇಬರು ತೀರಿಕೊಂಡದ್ದು ಅವಳಿಗೆ ಗೊತ್ತಿತ್ತು. ಸತ್ತವರಿಗೆ ಭಾಳ ಬೈದಿದ್ದೇನೆ, ತಪ್ಪಾಯಿತು, ಆದರೂ ಮಾತು ಕೊಟ್ಟು ಹಿಂದೆ ಸರಿದರಲ್ಲ ಎಂದಳು.

"ಅಕ್ಕಾ, ಮಾತು ಕೊಟ್ಟಾವ ನಾನು," ಎಂದೆ. "ಫೋನಿನ್ಯಾಗ ಅವರು ಇದ್ದಿಲ್ಲ."

ಅವಳು ನಂಬಲಿಲ್ಲ. ನಾನು ಕೇಳಿಸಿಕೊಂಡಿಲ್ಲೇನು ಅವರ ದನಿ, ಎಂದಳು. ಬೇರೆ ದಾರಿ ಇರಲಿಲ್ಲ. ಎರಡು ವರ್ಷದಿಂದ ಮಾಡದ ದನಿ, ಬರುತ್ತದೋ ಇಲ್ಲವೋ ಎಂದುಕೊಂಡೆ. ಬಂತು. ಗಂಟಲಿನ ಬುಡದಲ್ಲಿ ಎರಡು ಸಲ ಗರ್, ಒಂದು ಗಳಿಗೆ ಮೌನ.

"ಹೆದರಬ್ಯಾಡ ತಂಗೀ. ನಾ ಅದೀನಿ."

ರೊಟ್ಟಿಯ ಸಪ್ಪಳ ನಿಂತಿತು. ಬೈಗುಳಕ್ಕೆ ಕಿವಿಗೊಟ್ಟು ನಿಂತೆ. ಈ ಸಲ ಪೂರ್ತಿ ನನ್ನದೇ ಆಗಬೇಕಿತ್ತು. ಅವಳು ಬೈಯಲಿಲ್ಲ.

"ಹಂಗಾರ," ಎಂದಳು, ನಿಧಾನಕ್ಕೆ, "ಆವತ್ತು ನಮಗ ಯಾರೂ ಮಾತು ಕೊಟ್ಟಿದ್ದಿಲ್ಲ."

ಫೋನು ಇಡಲೂ ಇಲ್ಲ. ಪಟ ಪಟ ಮತ್ತೆ ಶುರುವಾಯಿತು. ಮೂರು ರೊಟ್ಟಿ ಆಗುವ ತನಕ ಕೇಳುತ್ತಿದ್ದೆ.

ಕೋಟು ಗೋಡೆಯ ಗೂಟಕ್ಕೆ ತೂಗುಹಾಕಿದ್ದೇನೆ. ಕಾಗದವನ್ನು ಅದರ ಒಳಜೇಬಿಗೇ ಇಟ್ಟೆ. ಖೋಲಿಯ ತುಂಬ ಡಾಂಬರ ಗುಳಿಗೆಯ ವಾಸನೆ. ಸಾಹೇಬರು ಇನ್ನೇನು ಒಳಗೆ ಬಂದೇಬಿಟ್ಟರು ಎನಿಸುತ್ತದೆ, ಬಾಗಿಲಿನ ಕಡೆ ನೋಡುತ್ತೇನೆ... ಟೇಲರ್ ಎರಡು ಸಲ ಕೇಳಿದ. ಇನ್ನೂ ಒಯ್ದು ಕೊಟ್ಟಿಲ್ಲ.